ನಡುಬೆಂಗ್ರೆಯ ಹೊಸ್ತಿಲುಗಳು

ಕಡಲು ಎಲ್ಲರ ಮನೆಗೂ ಒಂದೇ ದಾರಿಯಲ್ಲಿ ಬರುವುದಿಲ್ಲ. ಕೆಲವರ ಮನೆಗೆ ಅದು ಮುಂಬಾಗಿಲಿನಿಂದ, ಮರಳದಿಬ್ಬ ಹಾರಿ, ಊರಿಗೆಲ್ಲ ಕೇಳುವಂತೆ ಸದ್ದು ಮಾಡಿಕೊಂಡು ಬರುತ್ತದೆ. ಕೆಲವರ ಮನೆಗೆ ಹಿತ್ತಿಲಿನಿಂದ, ಹೊಳೆಯ ಬೆನ್ನೇರಿ, ಕಳ್ಳನಂತೆ ಬರುತ್ತದೆ. ಇನ್ನು ಕೆಲವರ ಮನೆಗೆ ಬಾವಿಯೊಳಗಿಂದಲೇ ಎದ್ದು ಬರುತ್ತದೆ. ಸೇದಿದ ನೀರು ಬಾಯಿಗೆ ಉಪ್ಪು ಹತ್ತಿದಾಗಲೇ ಗೊತ್ತು, ನೆಂಟ ಅಂಗಳಕ್ಕೆ ಬಂದಾಯಿತು ಎಂದು.

ನಡುಬೆಂಗ್ರೆಯವರಿಗೆ ಇದು ಅಜ್ಜಿಯರ ಕಾಲದಿಂದ ಗೊತ್ತಿತ್ತು. ಬೆಂಗ್ರೆ ಎಂದರೆ ಮರಳಿನ ನಾಲಗೆ. ಪಡುವಣಕ್ಕೆ ಕಡಲು, ಮೂಡಣಕ್ಕೆ ಹೊಳೆ, ನಡುವೆ ತೆಂಗು, ದೋಣಿ, ಬಲೆ, ಹೆಂಚಿನ ಮನೆಗಳು. ಉದ್ದಕ್ಕೆ ಒಂದೇ ರಸ್ತೆ. ಅದರ ತುದಿಗೆ ಹೊಳೆ ದಾಟಿಸುವ ಒಂದೇ ಸೇತುವೆ. ಹಿಂದೆ ಊರಿಗೆಲ್ಲ ಸೇರಿ ಒಂದು ಸೈರನ್ ಇತ್ತು. ಅದು ಕೂಗಿದಾಗಲೆಲ್ಲ ಊರು ಸೇತುವೆಗೆ ಓಡಿತು, ಏನೂ ಆಗಲಿಲ್ಲ. ಕೊನೆಗೆ ಊರು ಓಡುವುದನ್ನು ಬಿಟ್ಟಿತು, ಆಗ ಆಯಿತು. ಆ ವರ್ಷದ ಗಾಳಿಮಳೆಯಲ್ಲಿ ಹೋದವರಲ್ಲಿ ಸುಗಂಧಿಯ ಮಾವನೂ ಒಬ್ಬರು.

ಸುಗಂಧಿ ಆಗಿನ್ನೂ ಆ ಮನೆಗೆ ಸೊಸೆಯಾಗಿ ಬಂದಿರಲಿಲ್ಲ. ಹೊಳೆಯಾಚೆಯ ಗುಡ್ಡದ ಮೇಲಿನ ನೀರೆಚ್ಚರ ಕೇಂದ್ರವೂ ಆಗ ಇರಲಿಲ್ಲ. ಈಗ ಎರಡೂ ಆಗಿವೆ. ಸುಗಂಧಿ ಬೆಳಿಗ್ಗೆ ಬೆಂಗ್ರೆಯ ಮನೆಯಿಂದ ಹೊರಟು ಸೇತುವೆ ದಾಟಿ, ಗುಡ್ಡ ಹತ್ತಿ ಕೇಂದ್ರಕ್ಕೆ ಹೋಗುತ್ತಾಳೆ. ಅಲ್ಲಿ ಅವಳು ಮತ್ತು ಅವಳ ಜೊತೆಯವರು ಸೇರಿ ಕಟ್ಟಿದ ಸಾಧನಕ್ಕೆ ಹೊಸ್ತಿಲು ಎಂದೇ ಹೆಸರು.

ಪ್ರಶ್ನೆ ಸರಳವಾಗಿತ್ತು. ಊರಿಗೆಲ್ಲ ಒಂದೇ ಎಚ್ಚರಿಕೆ ಕೊಡುವ ಬದಲು, ಪ್ರತಿ ಮನೆಯೂ ತನ್ನ ಪಾಲಿನ ಕಡಲನ್ನು ತಾನೇ ಗುರುತಿಸುವಂತಿದ್ದರೆ?

ಉತ್ತರ ಬೂದು ಬಣ್ಣದ ಒಂದು ಪಟ್ಟಿ. ಬಾಗಿಲ ದಾರಂದದ ಕೆಳಗೆ, ಹಳೆಯ ಮರದ ಹೊಸ್ತಿಲಿನ ಅಡಿಯಲ್ಲಿ ಅದನ್ನು ಹುಗಿಯುತ್ತಾರೆ. ಅದರಿಂದ ಕೂದಲಿನಷ್ಟು ತೆಳುವಾದ ಗಾಜಿನ ಎಳೆ ಮರಳಿನೊಳಗೆ ಸಾಗಿ ಬಾವಿಗೆ, ಬಾವಿಯಿಂದ ದಿಬ್ಬಕ್ಕೆ, ದಿಬ್ಬದಿಂದ ಅಲೆಗಳ ಕೆಳಗಿನ ನೆಲಕ್ಕೆ ಹೋಗುತ್ತದೆ. ಎಳೆಯೊಳಗೆ ಬೆಳಕು ಓಡಾಡುತ್ತಿರುತ್ತದೆ. ಅಲೆ ಮರಳನ್ನು ಒತ್ತಿದರೆ ಬೆಳಕು ಚೂರು ತಡವರಿಸುತ್ತದೆ. ಆ ತಡವರಿಕೆಯನ್ನು ಓದಿದರೆ ನೀರು ಎಲ್ಲಿದೆ, ಎತ್ತ ಹೊರಟಿದೆ ಎಂದು ತಿಳಿಯುತ್ತದೆ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಪ್ರತಿ ಹೊಸ್ತಿಲೂ ತನ್ನ ಅಂಗಳದ ಮಟ್ಟಿಗೆ ಪಂಡಿತನಾಗಿತ್ತು. ಕಮಲಕ್ಕನ ಹೊಸ್ತಿಲು, ‘ನಾಡಿದ್ದು ಮಧ್ಯಾಹ್ನ ನಿಮ್ಮ ತುಳಸಿಕಟ್ಟೆಯ ತನಕ ನೀರು’ ಎಂದಿತು. ಅಷ್ಟೇ ಬಂತು. ಪಕ್ಕದ ಮನೆಯದು ‘ನಿಮಗೆ ಇಲ್ಲ’ ಎಂದಿತು. ಬರಲಿಲ್ಲ. ಸೈರನ್ನಿಗೆ ನಕ್ಕಿದ್ದ ಊರು ಹೊಸ್ತಿಲಿಗೆ ತಲೆಬಾಗಿತು. ಶುಕ್ರವಾರ ಅದಕ್ಕೆ ಅರಿಸಿನ ಕುಂಕುಮ ಬೀಳುತ್ತಿತ್ತು. ಸಾಧನ ಬರುವ ಮೊದಲೂ ಬೀಳುತ್ತಿತ್ತು ಅನ್ನುವುದು ಬೇರೆ ಮಾತು.

ಅದು ದಾಟಿದ ಕಾಲುಗಳನ್ನೂ ಗುರುತಿಸುತ್ತಿತ್ತು. ಯಾರು ಒಳಗೆ, ಯಾರು ಹೊರಗೆ ಎಂದು ಎಣಿಸುತ್ತಿತ್ತು. ಇದೊಂದಕ್ಕೆ ಮಾತ್ರ ಸುಗಂಧಿಯ ಅತ್ತೆ ಗುಲಾಬಿಯ ತಕರಾರಿತ್ತು.

“ನನ್ನ ತೂಕ ಗುಡ್ಡದ ಮೇಲಿನವ್ರಿಗೆಲ್ಲ ಗೊತ್ತಾತ್ತ್ ಅಂಬ್ರ್, ಹೌದಾ ಹೆಣೆ?”

“ತೂಕ ಅಲ್ಲ ಅತ್ತೆ, ನಡಿಗೆ.”

“ನಡಿಗೆ ಕಂಡ್ರೆ ತೂಕ ಗೊತ್ತಾಪುದಿಲ್ಯಾ? ನಾವ್ ಮೀನ್ ಬುಟ್ಟಿ ಹೊತ್ತವ್ರ್ ಮಾರಾಯ್ತಿ. ನಮ್ಗೆ ಹೇಳಿಕೊಡುದ್ ಬ್ಯಾಡ.”

ಗುಲಾಬಿಗೆ ಅರವತ್ತು ದಾಟಿತ್ತು. ಬೆನ್ನು ನೆಟ್ಟಗಿತ್ತು, ನಾಲಗೆ ಅದಕ್ಕಿಂತ ನೆಟ್ಟಗಿತ್ತು. ಏಪ್ರಿಲ್ ಬಂತೆಂದರೆ ಆಕೆಯ ಮನೆಯನ್ನು ನೋಡಬೇಕು. ಒಂದು ಹಡಗು ಲಂಗರು ಎತ್ತುವ ಮುಂಚಿನ ಸಡಗರ. ಒಣಮೀನು ತಗಡಿನ ಡಬ್ಬಿಗೆ, ಕುಚ್ಚಲಕ್ಕಿ ಅಟ್ಟಕ್ಕೆ, ಸೌದೆ ಚಾವಡಿಯ ಮೂಲೆಗೆ. ಹಲಸಿನ ಸೊಳೆ, ಮಾವಿನಕಾಯಿ ಉಪ್ಪುನೀರಿನ ಭರಣಿಗಳಿಗೆ. ಪಡುವಣ ಗೋಡೆಗೆ ತೆಂಗಿನ ಮಡಲಿನ ತಟ್ಟಿ. ಮನೆಪತ್ರ, ಆಧಾರ್, ಮದುವೆಯ ಫೋಟೋ ಮೂರನ್ನೂ ಸೇರಿಸಿ ಒಂದೇ ಪ್ಲಾಸ್ಟಿಕ್ಕಿನ ಗಂಟು. ‘ಕುಟುಂಬದ ಪೂರ್ವಸಿದ್ಧತೆ’ ಎಂದು ಕೇಂದ್ರದವರು ಕರಪತ್ರ ಅಚ್ಚು ಹಾಕಿಸುವಾಗ ಸುಗಂಧಿ ಅತ್ತೆಯ ಅಡುಗೆಮನೆಯಲ್ಲಿ ಸುಮ್ಮನೆ ಒಂದು ಸುತ್ತು ಹಾಕಿ ಬಂದು ಬರೆದಿದ್ದಳು. ಮೇಲಧಿಕಾರಿಗಳು ಯಾವ ದೇಶದ ಮಾದರಿ ಎಂದು ಕೇಳಿದ್ದರು.

ಇನ್ನೊಂದು ಪದ್ಧತಿ ಆ ಮನೆಯಲ್ಲಿತ್ತು. ಆ ಮನೆಯಲ್ಲಷ್ಟೇ ಏಕೆ, ಬೆಂಗ್ರೆಯ ಎಲ್ಲ ಮನೆಗಳಲ್ಲೂ. ಹೊರಟವರ ಹಿಂದೆ ಯಾರಾದರೂ ಬಾಗಿಲಲ್ಲಿ ನಿಂತು ‘ಹೋಯ್ ಬಾ’ ಎನ್ನಬೇಕು. ಹೊರಟವರು ‘ಹೋತೆ’ ಎನ್ನಬಾರದು, ‘ಬತ್ತೆ’ ಎಂದು ಬರುವ ಮಾತನ್ನೇ ಆಡಬೇಕು. ಸುಗಂಧಿ ದಿನವೂ ಎನ್ನಿಸಿಕೊಂಡು, ದಿನವೂ ಎನ್ನುತ್ತಿದ್ದಳು. ಮನೆಯಲ್ಲಿ ಯಾರೂ ಇಲ್ಲದ ದಿನ ಬೇಲಿಯಾಚೆಗೆ “ಕಮಲಕ್ಕಾ!” ಎಂದು ಕರೆದರೆ, ಅವಳು ಪಾತ್ರೆ ತಿಕ್ಕುವ ಕೈಯನ್ನೇ ಎತ್ತಿ “ಹೋಯ್ ಬಾ ಹೆಣೆ” ಎನ್ನುತ್ತಿದ್ದಳು. ಅದರಿಂದಲೂ ನಡೆಯುತ್ತಿತ್ತು.

* * *

ಮೊದಲ ಅಣಕು ತೆರವು ಮೇ ತಿಂಗಳ ಒಂದು ಬೆಳಿಗ್ಗೆ. ಕೇಂದ್ರದ ಗೋಡೆಯುದ್ದದ ಪರದೆಯ ಮೇಲೆ ಬೆಂಗ್ರೆ ಇತ್ತು. ಪ್ರತಿ ಮನೆಯೂ ಒಂದು ಗೆರೆ. ಗೆರೆಯ ಒಳಗೆ ಮನೆಮಂದಿಯಷ್ಟು ಹಸಿರು ಚುಕ್ಕೆಗಳು.

ಕೇಂದ್ರದ ಮುಖ್ಯಸ್ಥೆ ಡಾ. ಮೆಹರುನ್ನೀಸಾ ಮುಲ್ಲಾ ವಿಜಯಪುರದವರು. ಕಡಲನ್ನು ಮೊದಲು ನೋಡಿದ್ದು ಎಂಎಸ್ಸಿ ಓದುವಾಗ. ಆಮೇಲೆ ಅದನ್ನು ಬಿಟ್ಟು ಹೋಗಲಾಗಲಿಲ್ಲ. ಕೈಗೆ ಚಹಾ ಲೋಟ ಹಿಡಿದು ಅವರು ಪರದೆಯ ಮುಂದೆ ನಿಂತರು. “ಹೂಂ, ಬಿಡ್ರಿ ಇನ್ನ.”

ಹೊಸ್ತಿಲುಗಳು ಮಾತಾಡಿದವು. ಚುಕ್ಕೆಗಳು ಎದ್ದವು, ಬಾಗಿಲಿಗೆ ಬಂದವು, ಗೆರೆ ದಾಟಿದವು. ಕಂಪ್ಯೂಟರಿನ ಮುಂದೆ ಕೂತಿದ್ದ ಮಂಗಳೂರಿನ ರೋಶನ್ ಚಪ್ಪಾಳೆ ತಟ್ಟಲು ಕೈ ಎತ್ತಿದ. ಅಷ್ಟರಲ್ಲಿ ಚುಕ್ಕೆಗಳು ನಿಂತವು. ತಿರುಗಿದವು. ಒಂದೊಂದಾಗಿ ಗೆರೆ ದಾಟಿ ಮತ್ತೆ ಒಳಗೆ ಹೋದವು. ಸ್ವಲ್ಪ ಹೊತ್ತು ಅಲ್ಲೇ ಇದ್ದು ಮತ್ತೆ ಹೊರಟವು. ಮತ್ತೆ ನಿಂತವು, ಮತ್ತೆ ಒಳಗೆ.

“ಇದೇನವಾ ಸುಗಂಧಿ, ಊರ ತುಂಬ ತೊಟ್ಟಿಲ ತೂಗಿಧಂಗ ಐತಿ!”

“ಸೆನ್ಸರ್ ಹಾಳಾಗಿದೆ ಮೇಡಂ,” ಎಂದ ರೋಶನ್. “ಎಲ್ಲ ಒಟ್ಟಿಗೆ ಹಾಳಾಗುವುದು ಅಂದ್ರೆ ಎಂತ ಮಾರಾಯ್ರೆ!”

ಸುಗಂಧಿಗೂ ಹಾಗೇ ಅನ್ನಿಸಿತು. ಸಂಜೆಯ ತನಕ ಅಂಕಿಗಳನ್ನು ಜಾಲಾಡಿದಳು. ಸೆನ್ಸರು ಸರಿಯಾಗಿತ್ತು. ಬೆಂಗ್ರೆ ಖಾಲಿಯಾಗಲೇ ಇಲ್ಲ, ಅಷ್ಟು ಹೊತ್ತಿನಲ್ಲಿ ನಿಜವಾದ ಕಡಲಾಗಿದ್ದರೆ ರಸ್ತೆಯನ್ನು ಎರಡು ಕಡೆ ಕತ್ತರಿಸಿ, ಹೊಳೆಯನ್ನು ಸೇರಿಯೂ ಆಗಿರುತ್ತಿತ್ತು.

ಮನೆಗೆ ಬಂದಾಗ ಗುಲಾಬಿ ಬಾಗಿಲಲ್ಲೇ ಕೂತಿದ್ದಳು. ಕಾದೇ ಕೂತಿದ್ದಳು.

“ಅದಕ್ಕೆ ಬುದ್ಧಿ ಕಲ್ಸಿದ್ ಯಾರ್?”

“ಯಾವುದಕ್ಕೆ ಅತ್ತೆ?”

“ನಿನ್ನ ಹೊಸ್ತಿಲಿಗೆ. ನಾನ್ ಗಂಟ್ ಹಿಡ್ಕಂಡ್, ದೇವ್ರಿಗೆ ಕೈ ಮುಗ್ದ್, ಕಾಲ್ ಹೊರಗಿಟ್ಟೆ. ಹಿಂದಿಂದ ‘ಎಲ್ಲಿಗೆ ಹೊರಟಿದ್ದೀರಿ?’ ಅಂಬುದಾ! ಹೊರಟವ್ರನ್ನ ಎಲ್ಲಿಗೆ ಅಂತ ಕೇಂಬುದಾ! ಮಕ್ಕಳಾದ್ರೂ ಕೇಂಬುದಿಲ್ಲೆ.”

“ನೀವು ಏನು ಮಾಡಿದ್ರಿ?”

“ಎಂತ ಮಾಡುದ್? ಒಳಗ್ ಬಂದೆ, ಕೂತೆ, ಒಂದ್ ಲೋಟ ನೀರ್ ಕುಡ್ದೆ, ಮತ್ತೆ ಹೊರಟೆ. ಮತ್ತೂ ಕೇಂಡಿತ್! ನೀರ್ ಕುಡ್ದ್ ಕುಡ್ದ್ ಹೊಟ್ಟೆಯೇ ಕಡಲಾಯ್ತ್. ಕಮಲಂದೂ ಅದೇ ಕತೆ.”

ಸುಗಂಧಿ ಬ್ಯಾಗು ಹೆಗಲಿನಿಂದ ಇಳಿಸದೆ ಅಲ್ಲೇ ಜಗಲಿಯ ಮೇಲೆ ಕುಸಿದು ಕೂತು ನಗತೊಡಗಿದಳು. ನಗು ಮುಗಿದ ಮೇಲೆ ಮುಖ ಬಿಸಿಯಾಯಿತು. ಆ ವಾಕ್ಯ ಬರೆದವಳು ಅವಳೇ. ಸೇತುವೆ ಒಂದೇ, ಯಾವ ಮನೆಯವರು ಎತ್ತ ಹೋಗುತ್ತಾರೆ ಎಂದು ತಿಳಿಯದೆ ವಾಹನ ಬಿಡುವಂತಿಲ್ಲ, ಆಶ್ರಯದಲ್ಲಿ ಜಾಗ ಹಂಚುವಂತಿಲ್ಲ. ಆದ್ದರಿಂದ ಪರದೆಯ ಮೇಲೆ ಒಂದು ಖಾಲಿ ಜಾಗ ಇತ್ತು. ಅದನ್ನು ತುಂಬಿಸಲು ಒಂದು ಪ್ರಶ್ನೆ ಬೇಕಿತ್ತು. ಅದನ್ನು ಬೆರಳಿನಿಂದ ಬರೆದಿದ್ದಳೇ ಹೊರತು ಬಾಯಿಂದ ಆಡಿ ನೋಡಿರಲಿಲ್ಲ. ಆಡಿದ್ದರೆ ಅವಳ ನಾಲಗೆಯೇ ತಡೆಯುತ್ತಿತ್ತು.

ಮಾರನೆಯ ದಿನ ಹೇಳಿದಾಗ ಮುಲ್ಲಾ ಮೇಡಂ ಹಣೆ ಚಚ್ಚಿಕೊಂಡರು. “ನಮ್ಮ ಕಡೆನೂ ಹಂಗ ಅಲ್ಲೇನವಾ! ಎಲ್ಲಿಗೆ ಅಂದ್ರ ನಮ್ಮಜ್ಜಿ ಬಡಿಗಿ ತಗೊಂಡ ಬರಾಕಿ. ಇಬ್ಬರೂ ಶಾಣ್ಯಾರು ಕೂಡಿ ಒಂದ ಕಲ್ಲಿಗಿ ಎಡವಿದ್ವಿ ನೋಡು.”

“‘ದೂರವಾ?’ ಅಂತ ಕೇಳಿಸುವ ಮೇಡಂ,” ಎಂದ ರೋಶನ್. “ಮರ್ಯಾದೆಯವರು ಹಾಗೇ ಅಲ್ವಾ ಕೇಳುವುದು?”

“ಕೇಳಿದ್ರ ಏನಂತಾರ? ‘ಇಲ್ಲೇ, ಹಿಂಗ ಸ್ವಲ್ಪ’ ಅಂತಾರ. ಅದನ್ನ ತಗೊಂಡು ಬಸ್ ಎಲ್ಲಿಗಿ ಬಿಡ್ತಿ?”

ಅದು ಸರಿಯಾಗಿತ್ತು. ಹೊರಡುವವರಿಂದ ಹೋಗುವ ಊರನ್ನು ಕೇಳಿ ತಿಳಿಯುವ ವಿಧಾನ ಈ ಸೀಮೆಯಲ್ಲಿ ಇರಲೇ ಇಲ್ಲ.

* * *

ಉತ್ತರ ಮನೆಯಲ್ಲೇ ಇತ್ತು, ತಲೆಯ ಮೇಲೆ ಕೂತು ಹೊರಟಿತ್ತು.

ಆ ಭಾನುವಾರ ಗುಲಾಬಿ ಉಪ್ಪಿನಕಾಯಿಯ ಭರಣಿಯೊಂದಕ್ಕೆ ಬಾಯಿಬಟ್ಟೆ ಕಟ್ಟಿ, ಸಿಂಬಿ ಸುತ್ತಿ ತಲೆಗೇರಿಸಿದಳು. ಸುಗಂಧಿ ಬಾಯಿ ತೆರೆಯುವಷ್ಟರಲ್ಲಿ ತಡೆದುಕೊಂಡಳು.

“ದೂರವಾ ಅತ್ತೆ?”

ಗುಲಾಬಿ ಮೆಚ್ಚಿದವಳಂತೆ ನಕ್ಕಳು. “ಇಲ್ಲೇ, ಹೊಳೆ ಆಚಿಗೆ. ತಂಗಿ ಮನಿಗೆ. ಮಳೆಗಾಲದಾಗೆ ನೀರ್ ಏರಿದ್ರೆ ಅಲ್ಲಿಗೇ ಅಲ್ದಾ ಹ್ವಾಪುದ್? ಅವ್ಳ ಉಪ್ಪಿನಕಾಯಿ ಬಾಯಿಗಿಡುಕಾತಿಲ್ಲೆ. ನನ್ನ ಭರಣಿ ಮುಂಚೆಯೇ ಹೋಯ್ ಕೂತ್ಕಂಬುದ್ ಒಳ್ಳೇದ್.”

“ಪ್ರತಿ ವರ್ಷ ಅದಕ್ಕೇ ಕೊಡ್ತಿದ್ರಾ?”

“ಎಲ್ರೂ ಕೊಡ್ತ್ರ್. ಕಮಲಂದ್ ಅವಳ ಅಣ್ಣನ ಮನಿಗೆ. ಯಾರೂ ಇಲ್ಲದವ್ರ್ ಶಾಲೆ ಬಿಸಿಯೂಟದ ಕೋಣೆಯಲ್ ಇಡ್ತ್ರ್. ಭರಣಿ ಎಲ್ಲಿತ್ತೋ ಮನಿಯವ್ರ್ ಅಲ್ಲಿಗ್ ಹ್ವಾಪುದ್. ಅದ್ರಲ್ ಕೇಂಬುದ್ ಎಂತದ್?”

ಸುಗಂಧಿ ಅತ್ತೆಯನ್ನು ನೋಡಿದಳು, ಭರಣಿಯನ್ನು ನೋಡಿದಳು. ಈ ಮನೆಗೆ ಬಂದಾಗಿನಿಂದ ಇಂಥ ಭರಣಿಗಳು ಸೇತುವೆ ದಾಟುವುದನ್ನು ಅವಳು ಕಂಡಿದ್ದಳು. ಉಪ್ಪಿನಕಾಯಿ ಎಂದುಕೊಂಡಿದ್ದಳು. ಅದು ಒಂದು ಇಡೀ ಊರು ಬಾಯಿಬಿಡದೆ ಮುಂಗಡವಾಗಿ ಹೇಳಿದ ವಿಳಾಸ. ತಾನು ಗುಡ್ಡದ ಮೇಲೆ ಕೂತು ಕಟ್ಟಲು ಹೆಣಗುತ್ತಿದ್ದ ಜಾಲವನ್ನು ಯಾರೋ ಹೆಂಗಸರು ಯಾವುದೋ ಕಾಲದಲ್ಲಿ ಕಟ್ಟಿ, ಉಪ್ಪು ಹಾಕಿ, ಕೆಡದಂತೆ ಇಟ್ಟಿದ್ದರು.

ವಾರದೊಳಗೆ ಕೇಂದ್ರದವರು ಹಲಸಿನ ಬೀಜದಷ್ಟು ದೊಡ್ಡ, ಅಂಗಿಯ ಗುಂಡಿಯಂಥ ಸೆನ್ಸರುಗಳನ್ನು ಮಾಡಿಸಿದರು. ಒಂದೊಂದು ಭರಣಿಯ ಕುತ್ತಿಗೆಗೆ ಒಂದೊಂದು. ಭರಣಿ ಹೊಳೆ ದಾಟಿ ಎಲ್ಲಿ ಕೂತಿತೋ ಅಲ್ಲಿಂದ ಗುಂಡಿ ತನ್ನ ಮನೆಯ ಹೊಸ್ತಿಲಿಗೆ ಸುದ್ದಿ ಕಳಿಸುತ್ತಿತ್ತು. ಭರಣಿಗೆ ಗಂಟೆ ಕಟ್ಟಿದ್ದಾರೆ ಎಂದು ಊರು ನಕ್ಕಿತು. ಆದರೆ ಯಾರೂ ಬಿಚ್ಚಲಿಲ್ಲ.

ಹೊಸ್ತಿಲಿನಿಂದ ಆ ಪ್ರಶ್ನೆಯನ್ನು ತೆಗೆದರು. ಹೊರಡುವ ಹೊತ್ತು ತಿಳಿಸಿದ ಮೇಲೆ ಅದು ಸುಮ್ಮನಿರಬೇಕು. ಎರಡನೆಯ ಅಣಕು ತೆರವಿನಲ್ಲಿ ಜಾಗ್ರತೆ ವಹಿಸಿ ಊರನ್ನು ಎರಡು ಪಾಲು ಮಾಡಿದರು: ಒಂದು ದಿನ ತೆಂಕಣ ಕೇರಿ, ಮರುದಿನ ಬಡಗಣ ಕೇರಿ. ಹೊರಟವರನ್ನು ಉಳಿದ ಕೇರಿಯವರು ಅಂಗಳಗಳಲ್ಲಿ ನಿಂತು ಮದುವೆ ದಿಬ್ಬಣದಂತೆ ಕಳಿಸಿಕೊಟ್ಟರು. ಚುಕ್ಕೆಗಳು ಹೊಳೆನೀರಿನ ಹಾಗೆ ಸೇತುವೆ ದಾಟಿ ತಮ್ಮ ತಮ್ಮ ಭರಣಿಗಳ ಬಳಿ ನಿಂತವು. ಈ ಸಲ ರೋಶನ್ ಚಪ್ಪಾಳೆ ತಟ್ಟಿಯೇ ತಟ್ಟಿದ.

* * *

ಮೇ ಕೊನೆಯಲ್ಲಿ ಅರಬ್ಬಿ ಕಡಲಿನಲ್ಲಿ ಗಾಳಿ ಸುತ್ತಿಕೊಂಡಿತು. ಬಡಗಣಕ್ಕೆ ಹೋಗುತ್ತದೆ ಎಂದಿದ್ದ ಚಂಡಮಾರುತ ಮನಸ್ಸು ಬದಲಿಸಿ ಕರಾವಳಿಯತ್ತ ತಿರುಗಿತು. ಸುಗಂಧಿಯ ಗಂಡ ಶೀನ ಬೋಟನ್ನು ದೂರದ ಬಂದರಿಗೆ ಸೇರಿಸಿ ಅಲ್ಲೇ ಉಳಿದಿದ್ದ. ಅವಳು ಕೇಂದ್ರಕ್ಕೆ ಹೊರಡುವಾಗ ಬೆಳಗಿನ ಬೆಳಕು ತಾಮ್ರದ ಹಂಡೆಯ ಬಣ್ಣಕ್ಕಿತ್ತು.

“ಹೊಸ್ತಿಲು ಹೇಳಿದ ಕೂಡ್ಲೇ ಹೊರಡಿ ಅತ್ತೆ.”

“ಹೊರಡುದೇ. ನೀನ್ ಹೋಯ್ ಬಾ.”

“ಬತ್ತೆ.”

ಹೊತ್ತು ಮೇಲೇರುವ ಮುನ್ನವೇ ಹೊಸ್ತಿಲುಗಳು ಒಂದೊಂದಾಗಿ ಮಾತಾಡಿದವು. ಈ ಬಾರಿ ಯಾವುದೂ ‘ನಿಮಗೆ ಇಲ್ಲ’ ಎನ್ನಲಿಲ್ಲ. ‘ನಿಮ್ಮ ಕಿಟಕಿಯ ತನಕ’, ‘ನಿಮ್ಮ ಅಟ್ಟದ ತನಕ’. ಪರದೆಯ ಮೇಲೆ ಬೆಂಗ್ರೆ ಎದ್ದು ನಿಂತಿತು.

ಅದು ನೋಡುವಂತಿತ್ತು. ಯಾರೂ ಓಡಲಿಲ್ಲ. ಬಸ್ಸುಗಳು ಕರೆದ ಮನೆಗಳ ಮುಂದೆಯೇ ನಿಂತವು. ಗಂಟುಗಳು ಮೊದಲೇ ಕಟ್ಟಿದ್ದವು, ಹಸುಗಳ ಹಗ್ಗ ಬಿಚ್ಚಿ ಸೇತುವೆ ದಾಟಿಸಿ ಗುಡ್ಡದ ಕಡೆ ಅಟ್ಟಿದ್ದರು, ಬಾವಿಗಳಿಗೆ ಹಲಗೆ ಬಿದ್ದಿತ್ತು. ಮಳೆ ಅಡ್ಡಡ್ಡ ಹೊಡೆಯುತ್ತಿರುವಾಗ ಒಂದು ಇಡೀ ಊರು ತನ್ನ ಉಪ್ಪಿನಕಾಯಿ ಇದ್ದ ಕಡೆಗೆ ಶಿಸ್ತಾಗಿ ನಡೆಯಿತು. ಯುದ್ಧಕ್ಕೆ ಹೋಗುವ ದಂಡಿನಲ್ಲೂ ಅಷ್ಟು ಅಚ್ಚುಕಟ್ಟು ಇರಲಿಕ್ಕಿಲ್ಲ.

“ಶಭಾಷ್,” ಎಂದರು ಮುಲ್ಲಾ ಮೇಡಂ ಮೆಲ್ಲಗೆ. “ಶಭಾಷ್ ನನ್ನ ಬೆಂಗ್ರಿ.”

ಹರಿವು ತೆಳುವಾಯಿತು. ನಿಂತಿತು. ಪರದೆ ಖಾಲಿಯಾಗಬೇಕಿತ್ತು.

ಆಗಲಿಲ್ಲ. ಒಂದಷ್ಟು ಮನೆಗಳಲ್ಲಿ ಒಂದೊಂದು ಚುಕ್ಕೆ ಉಳಿದಿತ್ತು. ಸುಗಂಧಿಯ ಕಣ್ಣು ಮೊದಲು ಹೋದದ್ದು ತನ್ನ ಮನೆಗೆ. ಅಲ್ಲೂ ಒಂದು.

“ಮುದುಕರು ಹಟ ಹಿಡಿದ್ರೇನ?” ಮೇಡಂ ಕೇಳಿದರು. “ದೋಣಿ ಕಳಸೋಣು ಅಂದ್ರ ಅಲಿ ಹಿಂಗೈತಿ. ರಸ್ತಾ ಇನ್ನ ಎಷ್ಟೊತ್ತು ಇರ್ತೈತಿ?”

“ಊಟದ ಹೊತ್ತಿನ ತನಕ ಇಲ್ಲ ಮೇಡಂ,” ಎಂದ ರೋಶನ್. ಈಗ ಅವನ ಮಾತಿನಲ್ಲಿ ತಮಾಷೆ ಇರಲಿಲ್ಲ. “ಕೊನೆಯ ಬಸ್ಸು ಬೆಂಗ್ರೆಯಲ್ಲೇ ನಿಂತಿದೆ. ಡ್ರೈವರ್ ಹಾರ್ನ್ ಹೊಡೆದು ಹೊಡೆದು ಸಾಕಾದ.”

ಸುಗಂಧಿ ತನ್ನ ಮನೆಯ ಗೆರೆಯನ್ನು ಹಿಗ್ಗಿಸಿ ನೋಡಿದಳು. ಚುಕ್ಕೆ ಒಳಗಿರಲಿಲ್ಲ. ಹೊರಗೂ ಇರಲಿಲ್ಲ. ಗೆರೆಯ ಮೇಲೇ ಇತ್ತು. ಪಕ್ಕದ ಮನೆಯನ್ನು ನೋಡಿದಳು. ಅಲ್ಲೂ ಚುಕ್ಕೆ ಗೆರೆಯ ಮೇಲೆ. ಅದರಾಚೆಯ ಮನೆಯಲ್ಲೂ. ಹಟ ಹಿಡಿದವರು ಒಳಗೆ ಕೂತಿರುತ್ತಾರೆ. ಇವರು ಬಾಗಿಲಲ್ಲಿ ನಿಂತಿದ್ದಾರೆ. ಗಂಟು ಕೈಯಲ್ಲೇ ಇರಬೇಕು. ಅತ್ತೆಯ ತೂಕ ಎಂದಿಗಿಂತ ಹೆಚ್ಚಿತ್ತು.

ಅವಳು ಮನೆಯ ಹೊಸ್ತಿಲಿಗೆ ಮಾತಿನ ದಾರಿ ತೆರೆದಳು.

“ಅತ್ತೆ, ಎಂತಕೆ ನಿಂತಿದ್ರಿ? ಬಸ್ಸು ಕಾಯ್ತಾ ಇತ್ತ್.”

ಗಾಳಿಯ ಊಳು ಮೊದಲು ಬಂತು, ಆಮೇಲೆ ಗುಲಾಬಿಯ ದನಿ. “ಹೊರಟೆ, ಹೊರಟೆ. ಒಲೆ ಆರಿತ್ತಾ ಕಾಣ್ಕ್.”

“ಒಲೆ ಬೆಳಿಗ್ಗೆಯೇ ಆರ್ಸಿದ್ದೆ ನಾನು.”

“ಕೋಳಿ...”

“ಕೋಳಿಯನ್ನು ಕಮಲಕ್ಕನ ಅಣ್ಣ ನಿನ್ನೆಯೇ ತಕಂಡ್ ಹೋಯ್ದ. ಅತ್ತೆ!”

ಹೆಂಚೊಂದು ಹಾರಿ ಬಿದ್ದ ಸದ್ದು ಕೇಳಿತು. ಆಮೇಲೆ, ಗುಲಾಬಿ ಇದುವರೆಗೆ ಸೊಸೆಯ ಮುಂದೆ ಆಡದಿದ್ದ ದನಿಯಲ್ಲಿ ಹೇಳಿದಳು: “ಅವತ್ತ್ ನಿನ್ನ ಮಾವ ಹೊರಡುವತ್ತಿಗೆ ನಾ ಪೇಟಿಯಲ್ಲಿದ್ದೆ ಹೆಣೆ. ದೋಣಿ ಎಳಿಲಿಕ್ಕೆ ಹೋದ್ರ್. ಮನಿಯಲ್ ಯಾರೂ ಇರ್ಲಿಲ್ಲೆ.”

ಸುಗಂಧಿಗೆ ಎಲ್ಲವೂ ಒಮ್ಮೆಗೇ ಕಾಣಿಸಿತು. ಅಣಕು ತೆರವು ಗೆದ್ದದ್ದು ಏಕೆ ಎಂದೂ ಕಾಣಿಸಿತು. ಅವತ್ತು ಅರ್ಧ ಊರು ಉಳಿದಿತ್ತು. ಬೇಲಿಯಾಚೆ ಯಾರಾದರೂ ಇದ್ದರು. ಕೈ ಎತ್ತಿ ಎರಡು ಮಾತು ಹೇಳಿದ್ದರು. ಇವತ್ತು ಉಳಿದವರು ಮನೆಮಂದಿಯನ್ನೆಲ್ಲ ‘ಹೋಯ್ ಬನಿ’ ಎಂದು ಕಳಿಸಿಕೊಟ್ಟವರು. ಅವರಿಗೆ ಹೇಳಲು ಮನೆಯಲ್ಲಿ ಯಾರೂ ಉಳಿದಿರಲಿಲ್ಲ, ಬೇಲಿಯಾಚೆಗೆ ಕರೆದರೆ ಈ ಗಾಳಿಯಲ್ಲಿ ಕೇಳುತ್ತಿರಲಿಲ್ಲ. ಆ ಮಾತು ಎನ್ನಿಸಿಕೊಳ್ಳದೆ ಮನೆಯಿಂದ ಹೊರಬೀಳುವುದು ಹೆಣ ಮಾತ್ರ. ಕಡಲಿಗೆ ಹೆದರದವರು ಅದಕ್ಕೆ ಹೆದರಿ ನಿಂತಿದ್ದರು. ಹೆದರಿದವರೆಂದು ಹೇಳಿಕೊಳ್ಳಲಾರದೆ ಒಲೆ, ಕೋಳಿ ಎನ್ನುತ್ತಿದ್ದರು.

ಅವಳು ಮೈಕಿಗೆ ಇನ್ನಷ್ಟು ಬಾಗಿದಳು.

“ಅತ್ತೆ, ನಾನಿದ್ದೆ.”

“ಎಲ್ಲಿ?”

“ಇಲ್ಲೇ. ನಿಮ್ಮ ಕಾಲಡಿಗೆ. ಹೊಸ್ತಿಲಲ್ಲಿ. ಮನಿ ನಾನ್ ಕಾಂತೆ. ನೀವ್ ಹೋಯ್ ಬನಿ.”

ಮಳೆಯ ಸದ್ದು. ಅದರ ನಡುವೆ ಸಣ್ಣದೊಂದು ಕೆಮ್ಮು, ಗಂಟನ್ನು ಕಂಕುಳಿಗೆ ಬದಲಿಸಿದ ಸರಬರ.

“ಹೌದಾ? ಹಾಂಗಾರೆ... ಬತ್ತೆ.”

ಚುಕ್ಕೆ ಗೆರೆ ಬಿಟ್ಟು ಹೊರಗೆ ಬಿತ್ತು.

ಸುಗಂಧಿ ಕುರ್ಚಿ ತಿರುಗಿಸಿದಳು. “ಮೇಡಂ, ಉಳಿದ ಮನೆಗಳನ್ನು ಹಂಚಿಕೊಳ್ಳಿ. ಎಲ್ಲರೂ! ಒಬ್ಬೊಬ್ಬರಿಗೂ ಒಬ್ಬೊಬ್ಬರೇ ಹೇಳಬೇಕು. ರೆಕಾರ್ಡ್ ಹಾಕಿದರೆ ಆಗುವುದಿಲ್ಲ. ಹೋಗಿ ಬನ್ನಿ ಅನ್ನಬೇಕು, ಅಷ್ಟೇ.”

ಯಾರೂ ಏಕೆ ಎಂದು ಕೇಳಲಿಲ್ಲ. ಆ ಕೋಣೆಯಲ್ಲಿದ್ದವರಿಗೆಲ್ಲ ಒಬ್ಬ ತಾಯಿಯೋ ಅಜ್ಜಿಯೋ ಇದ್ದರು.

ಮುಂದಿನ ಕೆಲವು ನಿಮಿಷ ಆ ಕೇಂದ್ರದಲ್ಲಿ ನಡೆದದ್ದು ಯಾವ ಕೈಪಿಡಿಯಲ್ಲೂ ಇರಲಿಲ್ಲ. “ಹೋಗಿ ಬರ್ರೆವಾ, ಮನಿ ನಾ ನೋಡ್ಕೊಂತೀನಿ, ಚಿಂತಿ ಮಾಡಬ್ಯಾಡ್ರಿ,” ಎಂದು ವಿಜಯಪುರದ ಕನ್ನಡ ಕಮಲಕ್ಕನ ಹೊಸ್ತಿಲಿನಿಂದ ಎದ್ದಿತು. “ಹೋಗಿ ಬನ್ನಿ ಆಯ್ತಾ ಅಜ್ಜಿ, ಬೇಗ ಬನ್ನಿ, ನಾನಿದ್ದೇನೆ,” ಎಂದ ರೋಶನ್, ಮತ್ತೆ ಮತ್ತೆ, ಮನೆಯಿಂದ ಮನೆಗೆ. ಚಹಾ ತಂದಿಟ್ಟ ಕ್ಯಾಂಟೀನಿನ ಗಿರಿಯಪ್ಪ ಟ್ರೇ ಕೆಳಗಿಟ್ಟು ಒಂದು ಮೈಕ್ ಹಿಡಿದ. ಕಾವಲಿನ ಪೊಲೀಸಿನವಳು ಟೋಪಿ ತೆಗೆದು ಇನ್ನೊಂದು ಹಿಡಿದಳು. ಹೊಸ್ತಿಲು ಯಾವ ಊರ ಕನ್ನಡದಲ್ಲಿ ಮಾತಾಡುತ್ತಿದೆ ಎಂದು ಬೆಂಗ್ರೆಯಲ್ಲಿ ಯಾರೂ ತಕರಾರು ತೆಗೆಯಲಿಲ್ಲ. ಒಂದೊಂದು ಬಾಗಿಲಿನಿಂದಲೂ ಉತ್ತರ ಒಂದೇ ಬಂತು.

“ಬತ್ತೆ.”

“ಬತ್ತೆ ಮಗಾ.”

“ಬತ್ತೆ.”

ಗೆರೆಗಳ ಮೇಲಿನ ಚುಕ್ಕೆಗಳು ಒಂದೊಂದಾಗಿ ಕಳಚಿ ರಸ್ತೆಗೆ ಬಿದ್ದವು. ಕೊನೆಯ ಬಸ್ಸು ಸೇತುವೆ ಏರುವಾಗ ಹಿಂದಿನ ಚಕ್ರಗಳಿಗೆ ಆಗಲೇ ನೊರೆ ಹತ್ತಿತ್ತು. ಅದು ಆಚೆ ಇಳಿದ ಮೇಲೆ ಮುಲ್ಲಾ ಮೇಡಂ ಖಾಲಿ ಚಹಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತರು. ಅದು ಖಾಲಿ ಎಂದು ಅವರಿಗೆ ಗೊತ್ತಿದ್ದಂತಿರಲಿಲ್ಲ.

ಕಡಲು ಬಂತು. ಕೆಲವರ ಮನೆಗೆ ಮುಂಬಾಗಿಲಿನಿಂದ, ಕೆಲವರ ಮನೆಗೆ ಹಿತ್ತಿಲಿನಿಂದ, ಕೆಲವರ ಮನೆಗೆ ಬಾವಿಯಿಂದ, ತಾನು ಬರುತ್ತೇನೆ ಎಂದ ದಾರಿಯಲ್ಲೇ. ಹೊಸ್ತಿಲುಗಳು ಕಾವಲಿನಲ್ಲಿ ಉಳಿದವು. ಉಪ್ಪು ತಾಗಿತು ಎಂದವು. ಮೊಣಕಾಲು ಎಂದವು. ಕಿಟಕಿ ಎಂದವು. ಕೆಲವು ಮಾತು ನಿಲ್ಲಿಸಿದವು. ಸುಗಂಧಿಯ ಮನೆಯದು ಗೋಡೆ ಬಿತ್ತು ಎಂದಿತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಗೋಡೆ ಎಂದಿತು. ಅವಳು ಪರದೆಯಿಂದ ಮುಖ ತಿರುಗಿಸಲಿಲ್ಲ. ಮನೆ ಕಾಯುತ್ತೇನೆ ಎಂದಿದ್ದಳು.

* * *

ನೀರು ಇಳಿದು, ಸೇತುವೆಯನ್ನು ಪರೀಕ್ಷಿಸಿ, ಜನರನ್ನು ಬೆಂಗ್ರೆಗೆ ಬಿಡುವಷ್ಟರಲ್ಲಿ ಬಿಸಿಲು ಬಂದಿತ್ತು. ತೆಂಗುಗಳು ಮಲಗಿದ್ದವು, ಅರ್ಧ ಮನೆಗಳು ಮರಳಾಗಿದ್ದವು. ಹೆಣ ಒಂದೂ ಇರಲಿಲ್ಲ. ಹೊಳೆಯಾಚೆಯ ತಂಗಿಯ ಮನೆಯಲ್ಲಿ ಗುಲಾಬಿಯ ಭರಣಿ ಮಾತ್ರ ಖಾಲಿಯಾಗಿತ್ತು. ತಂಗಿಯ ಮನೆಯವರೇ ತಿಂದು ಮುಗಿಸಿದ್ದರು. ಅದನ್ನು ಆಕೆ ವಿಜಯ ಎಂದೇ ಪರಿಗಣಿಸಿದ್ದಳು.

ಸುಗಂಧಿಗೆ ಅವತ್ತೂ ಪಾಳಿ ಇತ್ತು. ಪರದೆಯ ಮೇಲೆ ಗೆರೆಗಳು ಬಹಳಷ್ಟು ಆರಿದ್ದವು. ಅವಳ ಮನೆಯದು ಬೆಳಗುತ್ತಿತ್ತು, ಸಣ್ಣಗೆ. ಮರಳಿನ ಅಡಿಯಲ್ಲಿ ಬೂದು ಪಟ್ಟಿ ಇನ್ನೂ ಹಿಡಿದುಕೊಂಡಿತ್ತು. ಸೇತುವೆಯ ಕಡೆಯಿಂದ ಒಂದು ಚುಕ್ಕೆ ಬಂತು. ಆ ನಡಿಗೆ ಯಾರದೆಂದು ಅವಳಿಗೆ ಯಂತ್ರ ಹೇಳಬೇಕಾಗಿರಲಿಲ್ಲ. ಚುಕ್ಕೆ ಅಂಗಳವಿದ್ದ ಜಾಗದಲ್ಲಿ ತುಂಬ ಹೊತ್ತು ನಿಂತಿತು. ಆಮೇಲೆ ಕೈಯಿಂದಲೋ ಕಾಲಿನಿಂದಲೋ ಮರಳನ್ನು ಸರಿಸಿದ ಸದ್ದು ಕೇಳಿತು. ದಾರಂದ ಇರಲಿಲ್ಲ, ಬಾಗಿಲು ಇರಲಿಲ್ಲ. ಹಲಸಿನ ಮರದ ಹಳೆಯ ಹೊಸ್ತಿಲು ಇತ್ತು.

ಗುಲಾಬಿ ಅದನ್ನು ತುಳಿಯದೆ, ಎಂದಿನಂತೆ ಬಲಗಾಲಿಟ್ಟು ದಾಟಿದಳು.

“ಬಂದೆ,” ಎಂದಳು.

ಸುಗಂಧಿ ಮೈಕಿಗೆ ಬಾಗಿದಳು.

“ಹೆಣೆ, ಇದ್ಯಾ ಇಲ್ಯಾ? ಮನಿ ಕಾಂತೆ ಅಂದವ್ಳ್. ಗೋಡೆ ಒಂದೂ ಇಲ್ಲೆ ಕಾಣ್!”

“ಇದ್ದೆ ಅತ್ತೆ. ಇಲ್ಲೇ ಇದ್ದೆ.”

“ಹೂಂ. ಉಂಡ್ಯಾ?”

“ಇನ್ನೂ ಇಲ್ಲ.”

“ಬೇಗ ಬಾ ಹಾಂಗಾರೆ. ಮೂರ್ ಕಲ್ಲ್ ಇತ್ತ್, ಒಲೆ ಹೂಡ್ತೆ.”

ಪರದೆಯ ಮೇಲೆ 'ಒಳಗೆ: ಒಬ್ಬರು' ಎಂದು ಬಂತು. ರೋಶನ್ ಬಗ್ಗಿ ನೋಡಿದ. “ಒಳಗೆ ಅಂತೆ! ಗೋಡೆಯೇ ಇಲ್ಲ, ಮಾಡು ಇಲ್ಲ, ಒಳಗೆ ಎಲ್ಲಿಂದ ಬಂತು ಮಾರಾಯ್ರೆ? ಇದನ್ನೊಂದು ಸರಿ ಮಾಡಬೇಕು ನಾವು.”

“ಬೇಡ ರೋಶನ್,” ಎಂದಳು ಸುಗಂಧಿ. “ಅದು ಸರಿಯಾಗಿಯೇ ಇದೆ.”